ಕರಿಕಲ್ಲಿಗೆ ವಯಸ್ಸು ನೋಡಿಸೋದಾದ್ರೆ ಯಾವ ಗಡಿಯಾರ? ಆರ್ಗಾನಾ, ಜಿರ್ಕಾನಾ, ಇಲ್ಲ ಇನ್ನೊಂದಾ?

ಹೋದ ತಿಂಗಳು ಹಿರಿಯೂರು ಕಡೆ ಹುಡುಗ ಒಬ್ಬ, ಜಿಯಾಲಜಿ ಎಂಎಸ್ಸಿ ಮಾಡ್ತಿರೋನು, ಗೊಬ್ಬರದ ಚೀಲದಲ್ಲಿ ಎರಡು ಕಲ್ಲು ಹಾಕ್ಕೊಂಡು ದಾವಣಗೆರೆ ಬಸ್ ಹತ್ತಿ ಸೀದಾ ನಮ್ಮ ಮನೆಗೇ ಬಂದ. ಒಂದು ಕರಿಕಲ್ಲು, ಕ್ವಾರಿಯವರು ವೇಸ್ಟ್ ಅಂತ ಬಿಸಾಕಿದ್ದು. ಇನ್ನೊಂದು ಹಸಿರು ಮಿಕ್ಸ್ ಆಗಿರೋ ಬೂದು ಬಣ್ಣದ್ದು, ಮರಡಿಹಳ್ಳಿ ಹತ್ರ ಹೊಲದ ಬದುವಲ್ಲಿ ಸಿಕ್ಕಿದ್ದಂತೆ. (ಬದುವಲ್ಲಿ ಅಂದಿದ್ದಕ್ಕೆ ಸುಮ್ನಿದ್ದೆ, ಅಲ್ಲಿನ ಪಿಲ್ಲೋ ಲಾವಾ, ಅಂದ್ರೆ ನೀರೊಳಗೆ ದಿಂಬಿನ ಥರ ಗಟ್ಟಿಯಾದ ಲಾವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕಣ್ರೀ, ಅದಕ್ಕೇನಾದ್ರೂ ಸುತ್ತಿಗೆ ಹಾಕಿ ಬಂದಿದ್ರೆ ಚಹಾ ಬದಲು ಬೈಗುಳ ಕುಡ್ಕೊಂಡು ಹೋಗ್ತಿದ್ದ.) "ಸರ್, ಎರಡಕ್ಕೂ ಆರ್ಗಾನ್ ಡೇಟಿಂಗ್ ಮಾಡಿಸ್ಬಿಟ್ರೆ ಇಂಡಿಯಾ ಮಡಗಾಸ್ಕರ್ ಯಾವಾಗ ಬೇರೆ ಆದ್ವು ಅಂತ ಪ್ರಾಜೆಕ್ಟ್ ಬರೀಬಹುದಲ್ವಾ?"

ಎರಡಕ್ಕೂ ಒಂದೇ ಮೆಥಡ್ ಅಂದ ತಕ್ಷಣ ನಂಗೆ ಹಳೇ ಗಾಯ ಕೆರೆದಂಗಾಯ್ತು. ನಾನೂ ಓದೋ ಟೈಮಲ್ಲಿ ಹಿಂಗೇ ಮಾಡಿದ್ದೆ. ರೋಡ್ ಕಟ್ಟಿಂಗಲ್ಲಿ ಸುಲಭಕ್ಕೆ ಸಿಕ್ಕ ಡೈಕಿನ (ಬಿರುಕಲ್ಲಿ ತುಂಬಿ ಗಟ್ಟಿಯಾದ ಕರಿಕಲ್ಲಿನ ಗೋಡೆ ಅನ್ನಿ) ಎರಡು ತುಂಡು ತಗೊಂಡು, ಕಡಿಮೆ ಖರ್ಚು ಅಂತ ಪೊಟ್ಯಾಸಿಯಂ-ಆರ್ಗಾನ್ ಮಾಡೋ ಒಂದು ಲ್ಯಾಬಿಗೆ ಕಳಿಸಿದೆ, ಒಂದೇ ಡೈಕಿನ ಎರಡು ತುಂಡಿಗೆ ಹತ್ತಾರು ಕೋಟಿ ವರ್ಷ ವ್ಯತ್ಯಾಸ ಬಂತು. ಲ್ಯಾಬಿನ ತಪ್ಪೇನಿರ್ಲಿಲ್ಲ, ತಪ್ಪು ನಂದೇ. ರಿಸಲ್ಟ್ ಬಂದ ಮೇಲೆ ತೆಳು ಸೆಕ್ಷನ್ ಮಾಡಿ, ಅಂದ್ರೆ ಬೆಳಕು ಹಾಯೋಷ್ಟು ತೆಳ್ಳಗೆ ಕಲ್ಲು ಉಜ್ಜಿ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಪ್ಲೇಜಿಯೋಕ್ಲೇಸ್ (ಕರಿಕಲ್ಲಲ್ಲಿರೋ ತಿಳಿ ಬಣ್ಣದ ಖನಿಜ) ಹರಳಿನ ಒಳಗೆಲ್ಲಾ ಧೂಳು ಕೂತಂಗೆ ಸೆರಿಸೈಟ್ (ಅದು ಕೊಳೆತು ಹುಟ್ಟೋ ಸಣ್ಣ ಅಭ್ರಕ) ತುಂಬ್ಕೊಂಡಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದು ಅಂದ್ರೆ ಇದೇ, ಅದೂ ಏಳುಸುತ್ತಿನ ಕೋಟೆ ಜಿಲ್ಲೆಯವನೇ ಮಾಡಿದ್ದು.

ಹಂಗಾಗಿ ಇದನ್ನ ಬರೀತಿದೀನಿ. ಯಾವ ಮೆಥಡ್ ಬೆಸ್ಟ್ ಅಂತ ಕೇಳೋದೇ ತಪ್ಪು ಪ್ರಶ್ನೆ. ಗಡಿಯಾರ ಅಂದ್ರೆ ಕಲ್ಲೊಳಗೆ ಗೊತ್ತಿರೋ ವೇಗದಲ್ಲಿ ಕರಗಿ ಬೇರೆ ಧಾತು ಆಗೋ ವಿಕಿರಣಶೀಲ ಧಾತು. ನಿಮ್ಮ ಕೈಲಿರೋ ಕಲ್ಲು ಯಾವ ಗಡಿಯಾರನ ಕೆಡಿಸ್ದೆ ಉಳಿಸ್ಕೊಂಡಿದೆ, ಆ ಗಡಿಯಾರ ಯಾವ ಘಟನೆ ಆದಾಗ ಶುರು ಆಯ್ತು, ಮೊದ್ಲು ಇವೆರಡು ನೋಡ್ಬೇಕು. ಆಮೇಲೆ ದುಡ್ಡಿನ ಮಾತು.

ನಮ್ಮ ಕಡೆ ಇದು ಯಾಕೆ ಇಷ್ಟು ತಲೆನೋವು ಅಂದ್ರೆ ಕರಿಕಲ್ಲುಗಳೆಲ್ಲಾ ನೋಡೋಕೆ ಒಂದೇ ಥರ. ಭೂಮಿ ತೊಗಟೆ ಎಳೆದಾಗ ಬಿರುಕು ಬಿಡುತ್ತೆ, ಕೆಳಗಿಂದ ಮ್ಯಾಗ್ಮಾ ಬಂದು ಆ ಬಿರುಕು ತುಂಬಿ ಗಟ್ಟಿ ಆಗುತ್ತೆ, ಅದೇ ಡೈಕ್. ಮೇಲೆ ಹರಿದ ಲಾವಾ ಎಲ್ಲಾ ಕೋಟ್ಯಂತರ ವರ್ಷದಲ್ಲಿ ಮಳೆಗೆ ಸವೆದು ಹೋದ್ರೂ ಡೈಕ್ ಉಳಿಯುತ್ತೆ, ಅದಕ್ಕೇ ಖಂಡ ಒಡೆದ ಕಥೆಗೆ ಡೈಕ್ ಅಂದ್ರೆ ಅಷ್ಟು ಬೆಲೆ. ಬೆಂಗಳೂರಿಂದ ಕರೀಂನಗರದವರೆಗೂ ಹಬ್ಬಿರೋ ಪೂರ್ವ-ಪಶ್ಚಿಮ ದಿಕ್ಕಿನ ಡೈಕ್‌ಗಳು ಸುಮಾರು 236.6 ಕೋಟಿ ವರ್ಷದ್ದು. ಅದೇ ಧಾರವಾಡ ಕ್ರೇಟಾನಲ್ಲಿ (ನಮ್ಮ ಕಾಲ ಕೆಳಗಿನ ಖಂಡದ ಹಳೇ ಗಟ್ಟಿ ತುಂಡು) 221 ಕೋಟಿ, 218 ಕೋಟಿ, 188 ಕೋಟಿ ವರ್ಷದ ಡೈಕ್‌ಗಳೂ ಇವೆ. ಇದೆಲ್ಲದರ ಮಧ್ಯೆ ಮಡಗಾಸ್ಕರ್ ಬೇರೆ ಆಗೋ ಟೈಮಿನ, ಬರೀ 9 ಕೋಟಿ ವರ್ಷದ ಡೈಕ್‌ಗಳೂ ಕರ್ನಾಟಕದ ಒಳನಾಡಲ್ಲಿ ಸಿಕ್ಕಿವೆ, 2001ರಲ್ಲಿ ಅಂಥ ಎರಡಕ್ಕೆ ಆರ್ಗಾನ್-ಆರ್ಗಾನ್ ಮಾಡಿ 9.0 ಕೋಟಿ, 8.75 ಕೋಟಿ ಅಂತ ವಯಸ್ಸು ಕೊಟ್ಟಿದ್ರು. ಪಾಲಿಶ್ ಹಾಕಿ ಅಡಿಗೆಮನೆ ಕಟ್ಟೆಗೆ ಹಾಕಿದ್ರೆ ನಿಮ್ಗೂ ಗೊತ್ತಾಗಲ್ಲ ನಂಗೂ ಗೊತ್ತಾಗಲ್ಲ, 236 ಕೋಟಿದಾ 9 ಕೋಟಿದಾ ಅಂತ. ಡೈಕ್ ಹೋಗಿರೋ ದಿಕ್ಕು ಸ್ವಲ್ಪ ಸುಳಿವು ಕೊಡುತ್ತೆ ಅಷ್ಟೇ.

ಇನ್ನೊಂದು ಕಾರಣನೂ ಐತೆ. ಸಮುದ್ರದ ತಳ ನೋಡಿದ್ರೆ ಖಂಡ ಬೇರೆ ಆದ ಟೈಮ್ ಗೊತ್ತಾಗುತ್ತಲ್ಲ, ಕಲ್ಲು ಯಾಕೆ ಬೇಕು ಅಂತ ಕೆಲವ್ರು ಕೇಳ್ತಾರೆ. ಭೂಮಿಯ ಕಾಂತಕ್ಷೇತ್ರ ಆಗಾಗ ತಿರುಗಾ ಮುರುಗಾ ಆಗೋದ್ರಿಂದ ಹೊಸ ಸಮುದ್ರ ತಳದಲ್ಲಿ ಪಟ್ಟೆ ಪಟ್ಟೆ ಮೂಡುತ್ತೆ, ಅದನ್ನ ಎಣಿಸಿದ್ರೆ ವಯಸ್ಸು ಸಿಗುತ್ತೆ, ನಿಜ. ಆದ್ರೆ ಸುಮಾರು 12 ಕೋಟಿ ವರ್ಷದ ಹಿಂದಿಂದ 8.3 ಕೋಟಿ ವರ್ಷದ ಹಿಂದಿನವರೆಗೂ ಕಾಂತಕ್ಷೇತ್ರ ತಿರುಗೋದನ್ನೇ ಮರೆತುಬಿಟ್ಟಿತ್ತು. ಅಷ್ಟು ಉದ್ದ ಕ್ಯಾಸೆಟ್ ಖಾಲಿ. ಇಂಡಿಯಾ ಮಡಗಾಸ್ಕರ್ ಬೇರೆ ಆಗಿದ್ದು ಸರಿಯಾಗಿ ಆ ಖಾಲಿ ಭಾಗದಲ್ಲೇ, ಎಲ್ಲಾ ನಮ್ಮ ಅದೃಷ್ಟ. ಸೇಶೆಲ್ಸ್ ನಮ್ಮಿಂದ ಬಿಟ್ಟು ಹೋಗಿದ್ದಕ್ಕೆ ಪಟ್ಟೆ ಸಾಕ್ಷಿ ಇದೆ, ಮಡಗಾಸ್ಕರ್ ಬಿಟ್ಟು ಹೋದ ಶುರುವಿಗೆ ಇಲ್ಲ. ಅದಕ್ಕೇ ಅಲ್ಲಿ ಲಾವಾದ ವಯಸ್ಸೇ ಗತಿ.

ಲಾವಾದ ವಯಸ್ಸು ಅಂದ್ರೆ ಖಂಡ ಒಡೆದ ವಯಸ್ಸು ಅಂತ ಮಾತ್ರ ಅಂದ್ಕೋಬೇಡಿ. ಇಥಿಯೋಪಿಯಾದ ಲಾವಾ ರಾಶಿ ಸುಮಾರು 3 ಕೋಟಿ ವರ್ಷದ ಹಿಂದೆ, ಹತ್ತು ಲಕ್ಷ ವರ್ಷದ ಆಸುಪಾಸಲ್ಲೇ ಬಹುಪಾಲು ಸುರಿದು ಮುಗೀತು. ಕೆಂಪು ಸಮುದ್ರದ ತಳದಲ್ಲಿ ನಿಜವಾದ ಸಮುದ್ರದ ತೊಗಟೆ ಹುಟ್ಟೋಕೆ ಶುರು ಆಗಿದ್ದು ಅಬ್ಬಬ್ಬಾ ಅಂದ್ರೆ 50 ಲಕ್ಷ ವರ್ಷದಿಂದ ಈಚೆಗೆ. ಮೊದಲು ಕೆಳಗಿಂದ ಬಿಸಿ ಬಂದು ಆಮೇಲೆ ಒಡೀತಾ, ಮೊದಲು ಎಳೆದು ತೆಳ್ಳಗಾಗಿ ಆಮೇಲೆ ಲಾವಾ ಬಂತಾ ಅನ್ನೋ ಜಗಳ ತೀರ್ಮಾನ ಆಗೋದು ಇಂಥ ಗ್ಯಾಪ್‌ಗಳಿಂದಲೇ. 9 ಕೋಟಿ ವರ್ಷದ ಕಲ್ಲಿಗೆ 1 ಪರ್ಸೆಂಟ್ ಎರರ್ ಅಂದ್ರೆ 9 ಲಕ್ಷ ವರ್ಷ. ಲಾವಾ ಪೂರ್ತಿ ಸುರಿದಿದ್ದೇ 10 ಲಕ್ಷ ವರ್ಷದಲ್ಲಿ ಅಂದ್ರೆ ನಿಮ್ಮ ಎರರ್ ಬಾರ್ ಒಳಗೇ ಇಡೀ ಕಥೆ ಮುಗಿದು ಹೋಗುತ್ತೆ. 0.1 ಪರ್ಸೆಂಟ್ ಸಿಕ್ಕಿದ್ರೆ 90 ಸಾವಿರ ವರ್ಷ, ಆಗ ಮೊದಲು ಯಾವುದು ಆಮೇಲೆ ಯಾವುದು ಅಂತ ಏನೋ ಒಂದು ಹೇಳಬಹುದು.

ಆರ್ಗಾನ್ ಅಣ್ಣತಮ್ಮಂದಿರು

ಪೊಟ್ಯಾಸಿಯಂ-ಆರ್ಗಾನ್ ಹಳೇದು, ಆರ್ಗಾನ್-ಆರ್ಗಾನ್ ಅದರ ತಮ್ಮ. ಎರಡಕ್ಕೂ ಮೂಲ ಒಂದೇ: ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದು ಚೂರು ಜಾಸ್ತಿ ಪರಮಾಣು ಪೊಟ್ಯಾಸಿಯಂ-40, ಅದು 125 ಕೋಟಿ ವರ್ಷಕ್ಕೆ ಅರ್ಧ ಆಗುತ್ತೆ, ಹಂಗೆ ಕರಗಿದ್ದರಲ್ಲಿ ಸುಮಾರು 11 ಪರ್ಸೆಂಟ್ ಮಾತ್ರ ಆರ್ಗಾನ್-40 ಆಗುತ್ತೆ, ಉಳಿದಿದ್ದೆಲ್ಲಾ ಕ್ಯಾಲ್ಸಿಯಂ. ಲಾವಾ ಬಿಸಿ ಇರೋವಾಗ ಆರ್ಗಾನ್ ಗ್ಯಾಸ್ ಹಾರಿ ಹೋಗುತ್ತೆ, ಗಟ್ಟಿ ಆದ ಮೇಲೆ ಹುಟ್ಟಿದ ಆರ್ಗಾನ್ ಹರಳೊಳಗೆ ಸಿಕ್ಕಿ ಹಾಕ್ಕೊಳ್ಳುತ್ತೆ, ಗಡಿಯಾರ ಅಲ್ಲಿಂದ ಶುರು.

ತೊಂದ್ರೆ ಏನಂದ್ರೆ ಅದು ಗ್ಯಾಸು. ನಮ್ಮೂರಲ್ಲಿ ಮಂಡಕ್ಕಿ ಚೀಲದ ಬಾಯಿ ಬಿಗಿಯಾಗಿ ಕಟ್ಟದೆ ಬಿಟ್ರೆ ಬೆಳಿಗ್ಗೆ ಅಷ್ಟೊತ್ತಿಗೆ ಮೆತ್ತಗಾಗಿರುತ್ತಲ್ಲ, ಹಂಗೆ. ಹೊರಗಿಂದ ಚೀಲ ಚೆನ್ನಾಗೇ ಕಾಣುತ್ತೆ, ಒಳಗೆ ಕೆಟ್ಟಿರುತ್ತೆ. ಕಲ್ಲು ಮತ್ತೆ ಒಂದು ಸಲ ಬಿಸಿ ಆದ್ರೆ ಆರ್ಗಾನ್ ಸೋರಿ ವಯಸ್ಸು ಕಮ್ಮಿ ಬರುತ್ತೆ, ಹೊರಗಿಂದ ಹಳೇ ಆರ್ಗಾನ್ ಒಳಗೆ ಸೇರಿದ್ರೆ ವಯಸ್ಸು ಜಾಸ್ತಿ ಬರುತ್ತೆ. ಪೊಟ್ಯಾಸಿಯಂ-ಆರ್ಗಾನಲ್ಲಿ ಇವೆರಡೂ ಆಗಿದೆಯಾ ಅಂತ ಕೇಳೋಕೇ ದಾರಿ ಇಲ್ಲ, ಕಲ್ಲಿನ ಒಂದು ಭಾಗದಲ್ಲಿ ಪೊಟ್ಯಾಸಿಯಂ ಅಳೀತಾರೆ ಇನ್ನೊಂದು ಭಾಗದಲ್ಲಿ ಆರ್ಗಾನ್ ಅಳೀತಾರೆ, ಒಂದು ನಂಬರ್ ಕೊಟ್ಟು ಕೈ ತೊಳ್ಕೊಳ್ತಾರೆ. ನನ್ನ ಅಭಿಪ್ರಾಯ ನೇರವಾಗಿ: ಖಂಡ ಒಡೆದ ಪ್ರಶ್ನೆಗೆ ಇವತ್ತು ಯಾರೂ ಇದಕ್ಕೆ ದುಡ್ಡು ಹಾಕ್ಬಾರ್ದು, ಫ್ರೀ ಮಾಡ್ಕೊಡ್ತೀವಿ ಅಂದ್ರೂ ಬೇಡ, ಯಾಕಂದ್ರೆ ಆಮೇಲೆ ಆ ನಂಬರನ್ನ ಡಿಫೆಂಡ್ ಮಾಡೋನು ನೀವೇ.

ಆರ್ಗಾನ್-ಆರ್ಗಾನ್ ಬೇರೆ ಲೆವೆಲ್ಲು. 1966ರಲ್ಲಿ ಮೆರಿಹ್ಯೂ ಮತ್ತು ಟರ್ನರ್ ಇದನ್ನ ತೋರಿಸಿಕೊಟ್ರು. ಕಲ್ಲಿನ ಹರಳನ್ನ ಅಣು ರಿಯಾಕ್ಟರ್ ಒಳಗಿಟ್ಟು ನ್ಯೂಟ್ರಾನ್ ಹೊಡೆಸ್ತಾರೆ, ಪೊಟ್ಯಾಸಿಯಂ-39 ಅನ್ನೋದು ಆರ್ಗಾನ್-39 ಆಗುತ್ತೆ, ಆಗ ಪೊಟ್ಯಾಸಿಯಂ ಬೇರೆ ಅಳೆಯೋ ಗೋಜೇ ಇಲ್ಲ, ಎರಡೂ ಆರ್ಗಾನೇ, ಒಂದೇ ತುಂಡಿಂದ ಒಂದೇ ಮೆಷಿನಲ್ಲಿ ಬರುತ್ತೆ. ನಮ್ಮ ದೇಶದಲ್ಲಿ ಅಹಮದಾಬಾದಿನ ಪಿಆರ್‌ಎಲ್ (ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ), ಮುಂಬೈ ಐಐಟಿಯವರು ಈ ಕೆಲಸದಲ್ಲಿ ಹೆಸರು ಮಾಡಿದವ್ರು, ಹಿಂದೆ ಟ್ರಾಂಬೆಯ ಅಪ್ಸರಾ ರಿಯಾಕ್ಟರಲ್ಲಿ ಸ್ಯಾಂಪಲ್ ಇಡಿಸ್ತಿದ್ರು.

ನಿಜವಾದ ಮಜಾ ಇರೋದು ಹಂತ ಹಂತವಾಗಿ ಬಿಸಿ ಮಾಡೋದ್ರಲ್ಲಿ. ಮೊದಲು ಕಡಿಮೆ ಬಿಸಿ, ಹೊರಗಿನ ಕೆಟ್ಟ ಜಾಗದ ಆರ್ಗಾನ್ ಬರುತ್ತೆ, ಆಮೇಲೆ ಇನ್ನೂ ಬಿಸಿ, ಇನ್ನೂ ಬಿಸಿ, ಕೊನೆಗೆ ಹರಳು ಕರಗೋವರೆಗೂ. ಒಂದೊಂದು ಹಂತಕ್ಕೂ ಒಂದೊಂದು ವಯಸ್ಸು ಬರುತ್ತೆ, ಗ್ರಾಫ್ ಹಾಕಿದ್ರೆ ಮೆಟ್ಟಿಲು ಥರ ಕಾಣುತ್ತೆ. ಮಧ್ಯದಲ್ಲಿ ಸಾಲಾಗಿ ಮೂರ್ನಾಲ್ಕು ಹಂತ ಒಂದೇ ವಯಸ್ಸು ಹೇಳ್ತಾ, ಒಟ್ಟು ಆರ್ಗಾನ್-39ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಬಂದಿದ್ರೆ ಅದಕ್ಕೆ ಪ್ಲೇಟೋ ಅಂತಾರೆ, ಆ ವಯಸ್ಸು ನಂಬಬಹುದು. ಗ್ರಾಫ್ ಕುದುರೆ ಜೀನಿನ ಥರ ಎರಡೂ ಕಡೆ ಎತ್ತರ ಮಧ್ಯ ತಗ್ಗು ಬಂದ್ರೆ ಹೊರಗಿನ ಆರ್ಗಾನ್ ಸೇರಿದೆ ಅಂತ ಅನುಮಾನ ಪಡಿ. ಏರ್ತಾ ಏರ್ತಾ ಹೋದ್ರೆ ಸೋರಿದೆ ಅಂತ. ಅಂದ್ರೆ ಇದು ಸುಳ್ಳು ಹೇಳಿದ್ರೂ ಮುಖ ನೋಡಿ ಕಂಡುಹಿಡೀಬಹುದು, ಅಣ್ಣ ಹಂಗಲ್ಲ, ಮುಖನೇ ತೋರಿಸಲ್ಲ.

ಆದ್ರೆ ಬಸಾಲ್ಟ್ (ಮೇಲೆ ಹರಿದು ಆರಿದ ಕಪ್ಪು ಲಾವಾ), ಡಾಲರೈಟಲ್ಲಿ (ಅಂಥದ್ದೇ ಮ್ಯಾಗ್ಮಾ ಡೈಕಲ್ಲಿ ಆರಿದ್ದು) ಇರೋ ಪ್ಲೇಜಿಯೋಕ್ಲೇಸಲ್ಲಿ ಪೊಟ್ಯಾಸಿಯಂ ತೀರಾ ಕಮ್ಮಿ, ಅದು ಕೊಳೆತು ಹುಟ್ಟೋ ಸೆರಿಸೈಟಲ್ಲಿ ಪೊಟ್ಯಾಸಿಯಂ ತುಂಬಾ ಜಾಸ್ತಿ. ಹಂಗಾಗಿ ಹರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೆರಿಸೈಟ್ ಇದ್ರೂ ಮಾತಾಡೋದು ಅದೇ, ಮನೆ ಯಜಮಾನ ಸುಮ್ನೆ ಕೂತು ಬಂದ ನೆಂಟ ಯಜಮಾನಿಕೆ ಮಾಡ್ದಂಗೆ. ನನ್ನ ಡೈಕಿಗೆ ಆಗಿದ್ದೂ ಇದೇ. ಆಸಿಡಲ್ಲಿ ತೊಳೆದು, ಬೈನಾಕ್ಯುಲರ್ ಕೆಳಗೆ ಕೂತು ಒಂದೊಂದೇ ಗಾಜಿನಂಗೆ ಇರೋ ಹರಳು ಆರಿಸ್ಬೇಕು, ಅಕ್ಕಿ ಆರಿಸ್ದಂಗೆ, ಕಣ್ಣು ಬಿದ್ದು ಹೋಗುತ್ತೆ.

ಇನ್ನೊಂದು ಮಾತು, ಇದನ್ನ ಯಾರೂ ಹೇಳ್ಕೊಡಲ್ಲ. ಆರ್ಗಾನ್-ಆರ್ಗಾನ್ ಸ್ವತಃ ವಯಸ್ಸು ಹೇಳಲ್ಲ, ವಯಸ್ಸು ಗೊತ್ತಿರೋ ಒಂದು ಸ್ಟ್ಯಾಂಡರ್ಡ್ ಕಲ್ಲಿನ ಜೊತೆ ಹೋಲಿಸಿ ಹೇಳುತ್ತೆ. ಬಹಳ ಕಡೆ ಬಳಸೋದು ಅಮೆರಿಕದ ಕೊಲರಾಡೋದ ಫಿಶ್ ಕ್ಯಾನ್ಯನ್ ಸ್ಯಾನಿಡಿನ್ ಅನ್ನೋ ಹರಳು. ಅದರ ವಯಸ್ಸು ಬಹಳ ಕಾಲ 2.802 ಕೋಟಿ ವರ್ಷ ಅಂತಿದ್ರು, 2008ರಲ್ಲಿ 2.82 ಕೋಟಿ ಅಂತ ತಿದ್ದಿದ್ರು. ಅಷ್ಟೇನಾ ಅನ್ಸುತ್ತೆ, ಆದ್ರೆ ತಕ್ಕಡಿ ಬಟ್ಟೇ ಬದಲಾದ್ರೆ ಅಂಗಡಿಲಿರೋ ಎಲ್ಲಾ ಸಾಮಾನಿನ ತೂಕನೂ ಬದಲಾಗುತ್ತೆ, 9 ಕೋಟಿ ವರ್ಷದ ಕಲ್ಲಿಗೆ ಅದು ಐದಾರು ಲಕ್ಷ ವರ್ಷ. ಹಳೇ ಪೇಪರಿನ ಆರ್ಗಾನ್ ವಯಸ್ಸನ್ನ ಹೊಸ ಪೇಪರಿನ ವಯಸ್ಸಿನ ಪಕ್ಕ ಟೇಬಲಲ್ಲಿ ಹಂಗಂಗೇ ಇಡೋರನ್ನ ಕಂಡ್ರೆ ನಂಗೆ ಕೋಪ ಬರುತ್ತೆ.

ಜಿರ್ಕಾನ್, ಮತ್ತೆ ಅದರ ಬಡ ಸಂಬಂಧಿ

ಯುರೇನಿಯಂ-ಲೆಡ್ (ಲೆಡ್ ಅಂದ್ರೆ ಸೀಸ) ಅನ್ನ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಅನ್ನಿ. ಜಿರ್ಕಾನ್ ಹರಳು ಹುಟ್ಟೋವಾಗ ಯುರೇನಿಯಂನ ಒಳಗೆ ಬಿಟ್ಕೊಳ್ಳುತ್ತೆ, ಸೀಸನ ಬಾಗಿಲಲ್ಲೇ ನಿಲ್ಲಿಸುತ್ತೆ. ಹಂಗಾಗಿ ಒಳಗಿರೋ ಸೀಸ ಎಲ್ಲಾ ಆಮೇಲೆ ಹುಟ್ಟಿದ್ದೇ ಅಂತ ಲೆಕ್ಕ. 900 ಡಿಗ್ರಿ ದಾಟಿದ್ರೂ ಸೀಸ ಸುಲಭಕ್ಕೆ ಹೊರಗೆ ಬರಲ್ಲ. ಅದಕ್ಕಿಂತ ದೊಡ್ಡ ಅನುಕೂಲ ಏನಂದ್ರೆ ಒಂದೇ ಹರಳಲ್ಲಿ ಎರಡು ಗಡಿಯಾರ: ಯುರೇನಿಯಂ-238 ಸುಮಾರು 447 ಕೋಟಿ ವರ್ಷಕ್ಕೆ ಅರ್ಧ ಆಗಿ ಸೀಸ-206 ಆಗುತ್ತೆ, ಯುರೇನಿಯಂ-235 ಸುಮಾರು 70 ಕೋಟಿ ವರ್ಷಕ್ಕೆ ಅರ್ಧ ಆಗಿ ಸೀಸ-207 ಆಗುತ್ತೆ. ಎರಡೂ ಒಂದೇ ವಯಸ್ಸು ಹೇಳಿದ್ರೆ ಸರಿ, ಹೇಳ್ಲಿಲ್ಲ ಅಂದ್ರೆ ಸೀಸ ಸೋರಿದೆ ಇಲ್ಲ ಹಳೇ ಹರಳು ಸೇರಿದೆ. 1956ರಲ್ಲಿ ವೆದರಿಲ್ ಹಾಕಿಕೊಟ್ಟ ಕಾಂಕಾರ್ಡಿಯಾ ಗ್ರಾಫ್ ಇದನ್ನೇ ತೋರ್ಸೋದು. 2005ರಲ್ಲಿ ಮ್ಯಾಟಿನ್ಸನ್ ಕೊಟ್ಟ ಐಡಿಯಾ ಪ್ರಕಾರ ಹರಳನ್ನ ಚೆನ್ನಾಗಿ ಕಾಯಿಸಿ ಆಸಿಡಲ್ಲಿ ಕೆಟ್ಟ ಭಾಗ ಕರಗಿಸಿ ಬಿಟ್ರೆ ಉಳಿದ ಭಾಗ ಇನ್ನೂ ಸಾಚಾ. ಈ ಥರ ಕರಗಿಸಿ ಅಳೆದ್ರೆ 0.1 ಪರ್ಸೆಂಟಿಗಿಂತ ಚೆನ್ನಾಗಿ ಬರುತ್ತೆ. ಲೇಸರ್ ಹೊಡೆದು ಅಳೆಯೋ ಮೆಷಿನ್‌ಗಳು ಬೇಗ ಆಗುತ್ತೆ, ಅಗ್ಗ, ಆದ್ರೆ 1-2 ಪರ್ಸೆಂಟ್ ಎರರ್. ಎಲ್ಲರೂ ಯುರೇನಿಯಂ-ಲೆಡ್ ಅಂತಲೇ ಹೇಳ್ಕೊಳ್ತಾರೆ, ಯಾವ ಯುರೇನಿಯಂ-ಲೆಡ್ ಅಂತ ಕೇಳಿ.

ಅಡ್ಡಿ ಏನಪ್ಪಾ ಅಂದ್ರೆ ಬಸಾಲ್ಟಲ್ಲಿ ಜಿರ್ಕಾನ್ ಸಿಗೋದೇ ಅಪರೂಪ. ಸಿಕ್ಕಿದ್ರೂ ದಾರೀಲಿ ಹಳೇ ಗ್ರಾನೈಟಿಂದ ಕಿತ್ತುಕೊಂಡು ಬಂದಿದ್ದಿರಬಹುದು, ನಮ್ಮಂಥ ಕಡೆ ಸುತ್ತ 260 ಕೋಟಿ ವರ್ಷದ ಗ್ರಾನೈಟೇ ಇರೋವಾಗ ಕೇಳ್ಬೇಕಾ. ಆಗ ನೆರವಿಗೆ ಬರೋದು ಬ್ಯಾಡ್ಲಿಯೈಟ್, ಜಿರ್ಕಾನಿನ ಬಡ ಸಂಬಂಧಿ, ಸಿಲಿಕಾ ಇಲ್ಲದ ಜಿರ್ಕೋನಿಯಂ ಆಕ್ಸೈಡ್. ಡಾಲರೈಟ್, ಗ್ಯಾಬ್ರೋ (ಅಂಥದ್ದೇ ಮ್ಯಾಗ್ಮಾ ಇನ್ನೂ ಆಳದಲ್ಲಿ ಆರಿದ್ದು) ನಿಧಾನಕ್ಕೆ ಆರಿದ ಕಡೆ ಕೊನೇ ಹನಿ ಮ್ಯಾಗ್ಮಾದಲ್ಲಿ ಇದು ಹುಟ್ಟುತ್ತೆ, ಗ್ರಾನೈಟಿಂದ ಕದ್ದು ತಂದಿದ್ದಿರೋ ಚಾನ್ಸ್ ತೀರಾ ಕಮ್ಮಿ, ಅದೇ ಅದರ ಪ್ಲಸ್ಸು. ಮೈನಸ್ಸು ಏನಂದ್ರೆ ಕೂದಲಿಗಿಂತ ಸಣ್ಣ ಕಂದು ಬಣ್ಣದ ಚಕ್ಕೆ, ಕಲ್ಲು ಪುಡಿ ಮಾಡಿ ನೀರಿನ ಟೇಬಲ್ ಮೇಲೆ ಹರಿಸಿ ಹರಿಸಿ ಕೊನೆಗೆ ಹತ್ತಿಪ್ಪತ್ತು ಸಿಕ್ಕಿದ್ರೆ ಹಬ್ಬ, ಕೈ ನಡುಗಿದ್ರೆ ಅದೂ ಹೋಯ್ತು. 236.6 ಕೋಟಿ ಅಂತ ಮೇಲೆ ಹೇಳಿದ್ನಲ್ಲ, ಆ ಡೈಕ್‌ಗಳಿಗೆ 2007ರಲ್ಲಿ ಬ್ಯಾಡ್ಲಿಯೈಟ್ ಹಿಡಿದೇ ವಯಸ್ಸು ಕಟ್ಟಿದ್ದು, ಬೇರೆ ಬೇರೆ ಡೈಕ್‌ಗಳ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷದ ಒಳಗೇ ಕೂಡಿಬಂತು. 236 ಕೋಟಿಯಲ್ಲಿ ಅಷ್ಟು ನಿಖರ! ಆರ್ಗಾನ್ ಕನಸಲ್ಲೂ ಕೊಡಲ್ಲ.

ಒಂದೇ ಕಲ್ಲು, ಮೂರು ವಯಸ್ಸು

ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಆ ಕಂಬ ಕಂಬದ ಕಲ್ಲಿನ ಮೇಲೆ ಫೋಟೋ ತೆಗೆಸ್ಕೊಂಡಿಲ್ಲದ ಕಾಲೇಜ್ ಟ್ರಿಪ್ಪು ಈ ಕಡೆ ಯಾವುದಿದೆ ಹೇಳಿ. ಆ ಕಲ್ಲು ಮಡಗಾಸ್ಕರ್ ಬಿಟ್ಟು ಹೋಗೋ ಟೈಮಿನ ಲಾವಾ. 1981ರಲ್ಲಿ ಪೊಟ್ಯಾಸಿಯಂ-ಆರ್ಗಾನಲ್ಲಿ ಅದಕ್ಕೆ ಸುಮಾರು 9.3 ಕೋಟಿ ವರ್ಷ ಅಂದ್ರು. 2000ದಲ್ಲಿ ಜಿರ್ಕಾನಿನ ಯುರೇನಿಯಂ-ಲೆಡ್ ಮಾಡಿ 9.12 ಕೋಟಿ, ಹೆಚ್ಚುಕಮ್ಮಿ ಬರೀ 2 ಲಕ್ಷ ಅಂದ್ರು. ಮಾರನೇ ವರ್ಷನೇ ಆರ್ಗಾನ್-ಆರ್ಗಾನ್ ಮಾಡಿದವ್ರು 8.56 ಕೋಟಿ, ಹೆಚ್ಚುಕಮ್ಮಿ 9 ಲಕ್ಷ ಅಂದ್ರು. ಕೊನೇ ಎರಡರ ಮಧ್ಯೆ 56 ಲಕ್ಷ ವರ್ಷ ಅಂತರ. ಖಂಡ ವರ್ಷಕ್ಕೆ 5 ಸೆಂಟಿಮೀಟರ್ ಸರಿಯುತ್ತೆ ಅಂತ ಇಟ್ಕೊಂಡ್ರೂ ಅಷ್ಟು ಟೈಮಲ್ಲಿ 280 ಕಿಲೋಮೀಟರ್ ಆಯ್ತು, ದಾವಣಗೆರೆ ಬಿಟ್ಟವರು ಬೆಂಗಳೂರು ದಾಟಿ ಹೋಗಿರ್ತಾರೆ. ಅಂದ್ರೆ ಯಾವ ವಯಸ್ಸು ನಂಬ್ತೀರಾ ಅನ್ನೋದ್ರ ಮೇಲೆ ಆ ಲಾವಾ ಸುರಿಯೋವಾಗ ಮಡಗಾಸ್ಕರ್ ಪಕ್ಕದಲ್ಲಿ ಅಂಟ್ಕೊಂಡೇ ಇತ್ತಾ, ಮಧ್ಯೆ ಸಮುದ್ರ ಬಂದಾಗಿತ್ತಾ ಅನ್ನೋ ಕಥೆನೇ ಬದಲಾಗುತ್ತೆ.

ಆಚೆ ದಡದಲ್ಲೂ ಹಿಂಗೇ. ಮಡಗಾಸ್ಕರಿನ ಪೂರ್ವ ಕರಾವಳಿ ಲಾವಾಗಳಿಗೆ 1995ರಲ್ಲಿ ಆರ್ಗಾನ್-ಆರ್ಗಾನ್ ಸುಮಾರು 8.8 ಕೋಟಿ ಅಂದಿತ್ತು, ಅಲ್ಲಿನ ಒಂದು ಗ್ಯಾಬ್ರೋಗೆ 1998ರಲ್ಲಿ ಯುರೇನಿಯಂ-ಲೆಡ್ 9.16 ಕೋಟಿ ಅಂತು. ನೋಡಿದ್ರಾ, ಜಿರ್ಕಾನ್ ಜಿರ್ಕಾನಿಗೆ ಹೊಂದುತ್ತೆ, ಆರ್ಗಾನ್ ಆರ್ಗಾನಿಗೆ ಹತ್ರ. ಸ್ಟ್ಯಾಂಡರ್ಡ್ ತಿದ್ದುಪಡಿ ಹಾಕಿದ್ರೂ ಐದಾರು ಲಕ್ಷ ಮುಚ್ಚುತ್ತೆ, 56 ಲಕ್ಷ ಮುಚ್ಚಲ್ಲ. ಜಿರ್ಕಾನ್ ಮ್ಯಾಗ್ಮಾ ಕೋಣೆಯಲ್ಲಿ ಮೊದಲೇ ಹುಟ್ಟಿ ಕಾಯ್ತಿತ್ತು ಅನ್ನೋಣ ಅಂದ್ರೆ ಆ ಕಾಯೋದು ಸಾಮಾನ್ಯವಾಗಿ ಸಾವಿರಗಳಲ್ಲಿ, ಹೆಚ್ಚಂದ್ರೆ ಕೆಲವು ಲಕ್ಷ ವರ್ಷದಲ್ಲಿ ಇರುತ್ತೆ. ನಂಗೆ ಕೇಳಿದ್ರೆ ಸಮುದ್ರದ ಉಪ್ಪುಗಾಳಿಲಿ ನಿಂತಿರೋ, ಗಾಜಿನಂಶ ಇರೋ ಲಾವಾದಲ್ಲಿ ಆರ್ಗಾನ್ ಸೋರಿರೋದು ಜಾಸ್ತಿ ಸಾಧ್ಯ, ಅಲ್ಲಿ ನಾನು ಜಿರ್ಕಾನ್ ಪಾರ್ಟಿ. ಆದ್ರೆ ಮಡಗಾಸ್ಕರ್ ಜ್ವಾಲಾಮುಖಿ ಕೆಲಸನೂ ಒಂದೇ ಏಟಿಗೆ ಮುಗಿದಿಲ್ಲ, ಲಕ್ಷಾಂತರ ವರ್ಷ ಎಳೆದಿದೆ, ಹಂಗಾಗಿ ಎಲ್ಲಾ ಕಡಿಮೆ ವಯಸ್ಸೂ ಸುಳ್ಳು ಅಂತ ಹೇಳೋಕೂ ಬರಲ್ಲ. ಇನ್ನು 1981ರ ನಂಬರ್ ಜಿರ್ಕಾನಿಗೆ ಹತ್ರ ಬಂದಿದೆಯಲ್ಲ ಅಂತ ಒಬ್ರು ವಾದ ಮಾಡಿದ್ರು, ಅದು ಗಾಳೀಲಿ ಗುಂಡು ಹೊಡೆದು ಹಕ್ಕಿ ಬಿದ್ದಂಗೆ ಅಂದೆ.

ಇದಕ್ಕಿಂತ ಜೋರು ಉದಾಹರಣೆ ಬೇಕಾ? ಹಾರೋಹಳ್ಳಿ ಕಡೆಯ ಕ್ಷಾರೀಯ (ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇರೋ) ಡೈಕ್‌ಗಳು. ಹಳೇ ಮೆಥಡ್‌ಗಳಲ್ಲಿ 80-85 ಕೋಟಿ ವರ್ಷ ಅಂತ ಬಂದಿತ್ತು, ಅದನ್ನ ನಂಬಿ ಇಂಡಿಯಾ ಆಗ ಭೂಗೋಳದಲ್ಲಿ ಎಲ್ಲಿತ್ತು ಅಂತ ಮ್ಯಾಪೂ ಬರೆದಿದ್ರು. 2008ರಲ್ಲಿ ಜಿರ್ಕಾನ್ ನೋಡಿದ್ರೆ 119.2 ಕೋಟಿ! ಮೂವತ್ತೈದು ಕೋಟಿ ವರ್ಷ ಎಕ್ಕುಟ್ಟು ಹೋಗಿತ್ತು. ಮ್ಯಾಪ್ ಬರೆದವರು ಏನ್ ಮಾಡ್ಬೇಕು ಪಾಪ.

ಹಂಗಂತ ಆರ್ಗಾನ್-ಆರ್ಗಾನ್ ಬಿಸಾಕೋದಲ್ಲ. ಡೆಕ್ಕನ್ ಟ್ರಾಪ್ (ಮಹಾರಾಷ್ಟ್ರ ಕಡೆಯ ದೊಡ್ಡ ಲಾವಾ ರಾಶಿ) ನೋಡಿ, 2019ರ ಫೆಬ್ರವರಿಲಿ ಸೈನ್ಸ್ ಜರ್ನಲ್ಲಿನ ಒಂದೇ ಸಂಚಿಕೇಲಿ ಎರಡು ಟೀಮಿನವರು ಬರೆದ್ರು. ಒಂದು ಟೀಮು ಲಾವಾ ಪದರಗಳ ಮಧ್ಯದ ಕೆಂಪು ಮಣ್ಣಿನ ಪಟ್ಟೀಲಿ ಸಿಕ್ಕ ಜಿರ್ಕಾನ್ ಹಿಡಿದು ನಾಲ್ಕು ದೊಡ್ಡ ಏಟಿಗೆ ಲಾವಾ ಸುರೀತು ಅಂತು, ಇನ್ನೊಂದು ಟೀಮು ಬಸಾಲ್ಟಿನ ಪ್ಲೇಜಿಯೋಕ್ಲೇಸಿಗೇ ಆರ್ಗಾನ್-ಆರ್ಗಾನ್ ಮಾಡಿ, ಅಂಥ ಏಟು ಕಾಣಲ್ಲ, ಹೆಚ್ಚುಕಮ್ಮಿ ಬಿಡದೆ ಸುರೀತು ಅಂತು. ಆದ್ರೆ ಒಟ್ಟು ವಯಸ್ಸು ಸುಮಾರು 6.6 ಕೋಟಿ, ಬಹುಪಾಲು ಹತ್ತು ಲಕ್ಷ ವರ್ಷದ ಆಸುಪಾಸಲ್ಲೇ ಮುಗೀತು ಅನ್ನೋದ್ರಲ್ಲಿ ಇಬ್ರೂ ಒಂದೇ. ಜಿರ್ಕಾನ್ ಇರೋದು ಲಾವಾದಲ್ಲಲ್ಲ, ಮಧ್ಯದ ಕೆಂಪು ಮಣ್ಣಲ್ಲಿ ಬೆರೆತ ಜ್ವಾಲಾಮುಖಿ ಬೂದೀಲಿ. ಆರ್ಗಾನ್ ಅಳೆದಿದ್ದು ಲಾವಾವನ್ನೇ. ಒಂದು ನಿಖರ, ಇನ್ನೊಂದು ನೇರ. ಹಾಳಾಗದ ತಾಜಾ ಬಸಾಲ್ಟ್ ಇದ್ದು ಜಿರ್ಕಾನ್ ಇಲ್ಲ ಅಂದ್ರೆ ಆರ್ಗಾನ್-ಆರ್ಗಾನ್ ಬಿಟ್ರೆ ಗತಿ ಇಲ್ಲ, ಕೆಲಸನೂ ಚೆನ್ನಾಗೇ ಮಾಡುತ್ತೆ.

ಉಳಿದವು ಬೇಗ ಬೇಗ

ಸಮೇರಿಯಂ-ನಿಯೋಡಿಮಿಯಂ, ರುಬಿಡಿಯಂ-ಸ್ಟ್ರಾನ್ಷಿಯಂ. ಮೊದಲನೇದರ ಅರ್ಧಾಯುಷ್ಯ 10,600 ಕೋಟಿ ವರ್ಷ, ಎರಡನೇದು ಸುಮಾರು 5,000 ಕೋಟಿ. ಇಷ್ಟು ನಿಧಾನ ಗಡಿಯಾರದಲ್ಲಿ 9 ಕೋಟಿ ವರ್ಷ ಅಳೆಯೋಕೆ ಹೋಗೋದು ಗಂಟೆ ಮುಳ್ಳಿಟ್ಕೊಂಡು ನೂರು ಮೀಟರ್ ಓಟ ಅಳೆದಂಗೆ. ಆದ್ರೆ ನಮ್ಮ ಹಸಿರು ಕಲ್ಲುಗಳಿಗೆ ಸಮೇರಿಯಂ ಬೇಕೇ ಬೇಕು, ಯಾಕಂದ್ರೆ ಸಮೇರಿಯಂ, ನಿಯೋಡಿಮಿಯಂ ಎರಡೂ ಕಲ್ಲು ಬೆಂದು ರೂಪಾಂತರ ಆದ್ರೂ ಅಷ್ಟು ಸುಲಭಕ್ಕೆ ಜಾಗ ಬಿಡಲ್ಲ. ಚಿತ್ರದುರ್ಗ ಪಟ್ಟಿಯ ಲಾವಾಗಳಿಗೆ 1996ರಲ್ಲಿ ಇದೇ ಮೆಥಡಲ್ಲಿ ಸುಮಾರು 275 ಕೋಟಿ ಅಂತ ಬಂತು. ರುಬಿಡಿಯಂ ಮಾತ್ರ ನೀರು ಕಂಡ್ರೆ ಓಡಿಹೋಗೋ ಜಾತಿ, ಹಳೇ ಬಸಾಲ್ಟಿಗೆ ನಾನಂತೂ ಹಾಕಲ್ಲ.

ಅದೇ ಹಳೇ ಪಟ್ಟೀಲಿ ಸಿಲಿಕಾ ಜಾಸ್ತಿ ಇರೋ ತಿಳಿ ಬಣ್ಣದ ಜ್ವಾಲಾಮುಖಿ ಕಲ್ಲು ಸಿಕ್ಕಿದ್ರೆ ಎಲ್ಲಾ ಬಿಟ್ಟು ಅದನ್ನ ಹಿಡೀರಿ, ಅದರಲ್ಲಿ ಜಿರ್ಕಾನ್ ಇರುತ್ತೆ. ನಮ್ಮ ದಾವಣಗೆರೆ ಜಿಲ್ಲೆ ದಾಗಿನಕಟ್ಟೆ ಕಡೆಯ ಅಂಥ ಕಲ್ಲಿಗೆ 1997ರಲ್ಲಿ 261.4 ಕೋಟಿ, ಹೆಚ್ಚುಕಮ್ಮಿ 80 ಲಕ್ಷ ಅಂತ ಬಂದಿದೆ. ಪಕ್ಕದ ಕರಿಕಲ್ಲಿಗೆ ತಲೆ ಚಚ್ಚಿಕೊಳ್ಳೋದಕ್ಕಿಂತ ಅದರ ಮೇಲೆ ಕೆಳಗೆ ಇರೋ ತಿಳಿಕಲ್ಲಿನ ವಯಸ್ಸು ಹಿಡಿದು ಮಧ್ಯದಲ್ಲಿ ಸಿಕ್ಕಿಸೋದು ಜಾಣತನ.

ಪೇಲಿಯೋಮ್ಯಾಗ್ನೆಟಿಸಂ, ಅಂದ್ರೆ ಕಲ್ಲಲ್ಲಿ ಉಳಿದಿರೋ ಹಳೇ ಕಾಂತತೆ ಓದೋದು, ವಯಸ್ಸು ಹೇಳಲ್ಲ, ಖಂಡ ಎಲ್ಲಿತ್ತು ಅಂತ ಹೇಳುತ್ತೆ. ವಯಸ್ಸಿನ ಜೊತೆ ಸೇರ್ಸಿದ್ರೆ ಬಂಗಾರ, ಒಬ್ಬನೇ ಬಿಟ್ರೆ ಅಡ್ಡಗೋಡೆ ಮೇಲೆ ದೀಪ. ಅಪಟೈಟ್ ಫಿಶನ್ ಟ್ರ್ಯಾಕ್ (ಅಪಟೈಟ್ ಹರಳಲ್ಲಿ ಯುರೇನಿಯಂ ಒಡೆದು ಬಿಟ್ಟ ಗೀರು ಎಣಿಸೋದು) ಅನ್ನೋದು ಕಲ್ಲು ಸುಮಾರು 110 ಡಿಗ್ರಿಗಿಂತ ಕೆಳಗೆ ತಣ್ಣಗಾಗಿದ್ದು ಯಾವಾಗ ಅಂತ ಹೇಳುತ್ತೆ, ಅಂದ್ರೆ ಮೇಲಿನ ನೆಲ ಸವೆದು ಕಲ್ಲು ಮೇಲಕ್ಕೆ ಬಂದ ಕಥೆ. ಖಂಡ ಒಡೆದ ಮೇಲೆ ಪಶ್ಚಿಮ ಘಟ್ಟದ ಅಂಚು ಹೆಂಗೆ ಸವೀತು ಅಂತ ಕೇಳೋರಿಗೆ ಅದು, ಲಾವಾ ಯಾವಾಗ ಬಂತು ಅನ್ನೋರಿಗೆ ಅಲ್ಲ.

ಈಗ ಆ ಹುಡುಗನ ಚೀಲ. ಹಸಿರು ಕಲ್ಲನ್ನ ನೋಡಿದ ತಕ್ಷಣ ಪಕ್ಕಕ್ಕಿಟ್ಟೆ. ಅದು ನೀರೊಳಗೆ ಉಕ್ಕಿ ದಿಂಬು ದಿಂಬಾಗಿ ಗಟ್ಟಿಯಾದ ಲಾವಾ, ಒಂದು ಅಂಚಲ್ಲಿ ಬೇಗ ಆರಿದ ಕಪ್ಪು ಸಿಪ್ಪೆ ಇನ್ನೂ ಬೆರಳಗಲ ಕಾಣ್ತಿತ್ತು, ಒಳಗೆಲ್ಲಾ ಕ್ಲೋರೈಟ್ ಅನ್ನೋ ಹಸಿರು ಖನಿಜ ಆಗಿ ಹಸಿರಾಗಿತ್ತು. ಅದಕ್ಕೂ ಮಡಗಾಸ್ಕರಿಗೂ ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಜಾಸ್ತಿ ದೂರ, ಆರ್ಗಾನ್ ಹಾಕಿದ್ರೆ ಅದು ಹುಟ್ಟಿದ ವಯಸ್ಸು ಬರಲ್ಲ, ಬೆಂದ ವಯಸ್ಸೋ ಸೋರಿದ ವಯಸ್ಸೋ ಏನೋ ಒಂದು ಬರುತ್ತೆ.

ಕರಿಕಲ್ಲು ನೋಡಿದೆ. ಸುತ್ತಿಗೆಲಿ ಒಡೆದ್ರೆ ಟಣ್ ಅಂತ ಸದ್ದು, ಹೊರಗೆ ಒಂದು ಬೆರಳು ದಪ್ಪ ಕಂದು ಸಿಪ್ಪೆ, ಒಳಗೆ ಕಪ್ಪು, ಲೆನ್ಸಲ್ಲಿ ಪ್ಲೇಜಿಯೋಕ್ಲೇಸ್ ಕಡ್ಡಿಗಳು ಮಿಣಮಿಣ ಅಂತಿದ್ವು. ಚೆನ್ನಾಗಿತ್ತು, ಆದ್ರೆ ಡೈಕಿನ ಯಾವ ಭಾಗದ್ದು ಅಂತ ಗೊತ್ತಿಲ್ಲ, ಯಾವ ದಿಕ್ಕಿನ ಡೈಕ್ ಅಂತಲೂ ಬರ್ಕೊಂಡಿಲ್ಲ, ಕ್ವಾರಿ ರಾಶಿಯಿಂದ ಎತ್ಕೊಂಡು ಬಂದ್ರೆ ಇನ್ನೇನು. 236 ಕೋಟಿದೂ ಆಗಿರಬಹುದು 9 ಕೋಟಿದೂ ಆಗಿರಬಹುದು ಅನ್ನೋ ಕಲ್ಲಿಗೆ ನಾನು ಮೊದಲು ಬ್ಯಾಡ್ಲಿಯೈಟ್ ಹುಡುಕಿಸ್ತೀನಿ, ಯಾಕಂದ್ರೆ ಎರಡು ಕಾಲಕ್ಕೂ ಚೆನ್ನಾಗಿ ನಡೆಯೋದು ಅದೇ. ಅದು ಸಿಗ್ಲಿಲ್ಲ, ತೆಳು ಸೆಕ್ಷನಲ್ಲಿ ಪ್ಲೇಜಿಯೋಕ್ಲೇಸ್ ಗಾಜಿನಂಗಿದೆ ಅಂದ್ರೆ ಆರ್ಗಾನ್-ಆರ್ಗಾನ್. ಸೆರಿಸೈಟ್ ಕಂಡ್ರೆ ಅಲ್ಲಿಗೆ ಬಿಡು, ಬೇರೆ ಕಲ್ಲು ನೋಡು. ಸೆಕ್ಷನ್ ಮಾಡಿಸೋಕೆ ಆಗೋ ಖರ್ಚು ಡೇಟಿಂಗ್ ಖರ್ಚಿನ ಮುಂದೆ ಏನೂ ಅಲ್ಲ, ಅದನ್ನ ಉಳಿಸೋಕೆ ಹೋಗಿ ನಾನು ಒಂದು ವರ್ಷ ಕಳ್ಕೊಂಡೆ.

ವಾಪಸ್ ಹೋಗಿ ಡೈಕ್ ಇರೋ ಕಡೆಯೇ ನಿಂತು ತಗೊಂಡು ಬಾ ಅಂದೆ. ಬ್ಯಾಡ್ಲಿಯೈಟಿಗೆ ಡೈಕಿನ ನಟ್ಟ ನಡುವಿಂದ, ಹರಳು ದಪ್ಪ ಇರೋ ಕಡೆಯಿಂದ, ಎರಡು ಮೂರು ಕೆಜಿ. ಅಂಚಿನಿಂದ ಬೇರೆ ಚೀಲ, ಅಲ್ಲಿ ಬೇಗ ಆರಿ ಸಣ್ಣ ಹರಳಾಗಿರುತ್ತೆ, ಅದು ಪೇಲಿಯೋಮ್ಯಾಗ್ನೆಟಿಸಂಗೆ. ಡೈಕಿನ ಬಿಸಿಗೆ ಸುಟ್ಟ ಪಕ್ಕದ ಗ್ರಾನೈಟಿಂದ ಇನ್ನೊಂದು ಚೀಲ, ಅದೂ ಕಾಂತತೆ ತಾಳೆ ನೋಡೋಕೆ. ಚೀಲದ ಮೇಲೆ ಮಾರ್ಕರಲ್ಲಿ ಬರಿ, ಚೀಟಿ ಒಳಗೆ ಹಾಕ್ಬೇಡ, ಕಲ್ಲು ಉಜ್ಜಿ ಪುಡಿ ಆಗುತ್ತೆ.

ಮೊನ್ನೆ ಭಾನುವಾರ ಮಧ್ಯಾಹ್ನ ಫೋನ್ ಮಾಡಿದ, ಹಿಂದೆ ಗಾಳಿ ಸದ್ದು, ಗುಡ್ಡದ ಮೇಲೆ ಫ್ಯಾನ್‌ಗಳು ತಿರುಗ್ತಿದ್ವು ಅನ್ಸುತ್ತೆ. "ಸರ್ ಡೈಕ್ ಸಿಕ್ತು, ಆದ್ರೆ ನಟ್ಟ ನಡು ಎಲ್ಲಿ ಅಂತ ಹೆಂಗೆ ಗೊತ್ತಾಗುತ್ತೆ, ಟೇಪ್ ತರೋದು ಮರೆತೆ." ಈ ಅಂಚಿಂದ ಆ ಅಂಚಿಗೆ ಹೆಜ್ಜೆ ಎಣಿಸ್ಕೊಂಡು ಹೋಗು, ಅರ್ಧಕ್ಕೆ ವಾಪಸ್ ಬಂದು ಅಲ್ಲಿ ಹೊಡಿ ಅಂದೆ. ಮೂವತ್ತೆಂಟು ಹೆಜ್ಜೆ ಅಂತೆ.